ಕಲಬುರಗಿಯ ಬಿಸಿಲು, ಮಂಗಳೂರಿನ ಸೆಕೆ ಮತ್ತು ಬೆವರಿನ ಲೆಕ್ಕ

ನಾನು ಹುಟ್ಟಿ ಬೆಳೆದದ್ದು ಕಲಬುರಗಿಯಲ್ಲಿ. ನಮ್ಮೂರಲ್ಲಿ ಇರೋದು ಎರಡೇ ಕಾಲ, ಬ್ಯಾಸಗಿ ಮತ್ತು ಕಡು ಬ್ಯಾಸಗಿ ಎಂದು ನಮ್ಮನ್ನು ನಾವೇ ಗೇಲಿ ಮಾಡಿಕೊಳ್ಳುತ್ತೇವೆ. ಆ ಗೇಲಿಯೊಳಗೆ ಒಂದಿಷ್ಟು ಜಂಬವೂ ಇರುತ್ತದೆ. ಹಾಗಾಗಿ ಕೆಲವು ವರ್ಷಗಳ ಹಿಂದೆ ಏಪ್ರಿಲ್‌ನಲ್ಲಿ ಮಂಗಳೂರಿಗೆ ವರ್ಗವಾಗಿ, ಬಾಡಿಗೆ ಮನೆಯೆದುರು ಲಾರಿಯಿಂದ ಸಾಮಾನು ಇಳಿಸುತ್ತಿದ್ದಾಗ, ಮೊಬೈಲಿನಲ್ಲಿ 34 ಡಿಗ್ರಿ ಎಂದು ಕಂಡು ನಗು ಬಂದಿತ್ತು. ನಮ್ಮಲ್ಲಿ ಅದು ಶಿವರಾತ್ರಿಯ ಹೊತ್ತಿನ ಹವೆ. ಹಮಾಲರ ಜೊತೆ ನಾನೂ ಕೈಹಾಕಿದೆ. ಮೂರನೇ ಸಲ ಎರಡನೇ ಮಹಡಿ ಹತ್ತುವಷ್ಟರಲ್ಲಿ ಅಂಗಿ ಹಿಂಡಿದರೆ ನೀರು ಸುರಿಯುವಂತಿತ್ತು, ಎದೆ ಡವಗುಟ್ಟುತ್ತಿತ್ತು, ಕಣ್ಣಿಗೆ ಕತ್ತಲೆ ಕವಿದು ಮೆಟ್ಟಿಲ ಮೇಲೆ ಕುಸಿದೆ. ಹಮಾಲರಲ್ಲಿ ಯಾದಗಿರಿ ಕಡೆಯವನೊಬ್ಬನಿದ್ದ. "ಸಾಹೇಬ್ರ, ಇದು ನಮ್ಮ ಕಡಿ ಬಿಸಲಲ್ರಿ. ಇಲ್ಲಿ ಬೆವರ ಆರೂದಿಲ್ಲ" ಎನ್ನುತ್ತ ಎರಡು ಕೊಡ ನೀರು ತಂದು ನನ್ನ ತಲೆಯ ಮೇಲೆ ಸುರಿದ.

ಬೆವರು ಆರುವುದಿಲ್ಲ. ಬೇಸಿಗೆಯಲ್ಲಿ ಮನುಷ್ಯ ಬದುಕುವುದು, ಸಾಯುವುದು ಬಹುಪಾಲು ಈ ಎರಡು ಪದಗಳ ಮೇಲೆ ನಿಂತಿದೆ. ಟಿವಿಯಲ್ಲಿ ಬರುವ ಡಿಗ್ರಿ ಲೆಕ್ಕ ಆಮೇಲಿನದು.

ಕನ್ನಡಕ್ಕೆ ಇದು ಮೊದಲೇ ಗೊತ್ತಿತ್ತು ಎನಿಸುತ್ತದೆ. ನಮ್ಮಲ್ಲಿ ಬಿಸಿಲು ಬೇರೆ, ಝಳ ಬೇರೆ, ಧಗೆ ಬೇರೆ, ಸೆಕೆ ಬೇರೆ. ಕಲಬುರಗಿಯವರು ಬಿಸಿಲನ್ನು ಬೈಯುತ್ತಾರೆ, ಮಂಗಳೂರಿನವರು ಸೆಕೆಯನ್ನು. ಒಂದು ಮೇಲಿನಿಂದ ಬಡಿಯುವುದು, ಇನ್ನೊಂದು ಸುತ್ತಲಿಂದ ಅಂಟಿಕೊಳ್ಳುವುದು. ಹವಾಮಾನ ವರದಿ ಮಾತ್ರ ಎರಡನ್ನೂ ಒಂದೇ ಅಂಕಿಗೆ ಇಳಿಸುತ್ತದೆ.

ಮೈಯೊಳಗಿನ ಒಲೆ

ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತಿರುತ್ತದೆ. ಹಳೆಯ ಕಾಲದ ನೂರು ಕ್ಯಾಂಡಲ್ ಬಲ್ಬಿನ ಲೆಕ್ಕ. ಕಲ್ಲು ಹೊರುವವನ, ಕಾಂಕ್ರೀಟ್ ಕಲಸುವವಳ ಮೈಯಲ್ಲಿ ಅಂಥ ನಾಲ್ಕೈದು ಬಲ್ಬುಗಳು ಉರಿಯುತ್ತಿರುತ್ತವೆ. ಈ ಶಾಖ ಹೊರಗೆ ಹೋಗಲೇಬೇಕು. ಒಂದು ಚೂರೂ ಹೋಗದೆ ಒಳಗೇ ಉಳಿಯಿತು ಎಂದಿಟ್ಟುಕೊಳ್ಳಿ. 60 ಕಿಲೋ ತೂಕದ ಮನುಷ್ಯ ಸುಮ್ಮನೆ ಕೂತಿದ್ದರೂ ಗಂಟೆಗೆ ಒಂದೂವರೆ ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತಾನೆ. ಭಾರಿ ಕೆಲಸ ಮಾಡುತ್ತಿದ್ದರೆ ಹತ್ತು ನಿಮಿಷಕ್ಕೊಂದು ಡಿಗ್ರಿ ಏರುತ್ತದೆ. ಒಳಮೈ ಇರಬೇಕಾದದ್ದು 37ರ ಆಸುಪಾಸಿನಲ್ಲಿ, 40 ದಾಟಿದರೆ ಮಿದುಳು ತಪ್ಪಲು ಶುರುವಾಗುತ್ತದೆ. ನಡುವೆ ಇರುವುದು ಮೂರೇ ಡಿಗ್ರಿ.

ಹೊರಗಿನ ಗಾಳಿ ನಮ್ಮ ಚರ್ಮಕ್ಕಿಂತ ತಣ್ಣಗಿದ್ದಾಗ ಚಿಂತೆಯಿಲ್ಲ, ಶಾಖ ತಾನಾಗಿ ಹರಿದು ಹೋಗುತ್ತದೆ. ಬೇಸಿಗೆಯಲ್ಲಿ ಚರ್ಮದ ಬಿಸಿ 35 ಡಿಗ್ರಿಯ ಹತ್ತಿರ ಇರುತ್ತದೆ. ಗಾಳಿ ಅದನ್ನು ದಾಟಿತೋ, ಹರಿವು ತಿರುಗಿ ಗಾಳಿಯೇ ನಮ್ಮನ್ನು ಕಾಯಿಸತೊಡಗುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಅದು ಸಣ್ಣ ದಾರಿಯೇನಲ್ಲ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆರೇಳು ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರಲು ಬೇಕಾಗುವಷ್ಟು ಶಾಖ ಅದು.

ಆದರೆ ಆವಿಯಾದರೆ ಮಾತ್ರ. ಹಣೆಯಿಂದ ಜಾರಿ ನೆಲಕ್ಕೆ ಬಿದ್ದ ಹನಿ ದಂಡ. ಬಟ್ಟೆಯಲ್ಲಿ ಒರೆಸಿ ಹಾಕಿದ್ದೂ ಹೆಚ್ಚುಕಡಿಮೆ ದಂಡವೇ. ದೇಹ ನೀರು ಕಳೆದುಕೊಂಡಿತು, ಉಪ್ಪು ಕಳೆದುಕೊಂಡಿತು, ತಂಪು ಮಾತ್ರ ಸಿಗಲಿಲ್ಲ. ಮೆಟ್ಟಿಲ ಮೇಲೆ ನನಗೆ ಆದದ್ದು ಇದೇ.

ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್

ಬೆವರು ಆರುತ್ತದೆಯೋ ಇಲ್ಲವೋ ಎಂದು ಅಳೆಯಲು ಹಳೆಯ, ಸರಳವಾದ ಉಪಾಯವಿದೆ. ಥರ್ಮಾಮೀಟರಿನ ಬುಡಕ್ಕೆ, ಅಂದರೆ ಅದರ ಬಲ್ಬಿಗೆ, ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಲು ಬಿಡುವುದು. ನೀರು ಆರುತ್ತ ಪಾದರಸವನ್ನು ಇಳಿಸುತ್ತದೆ. ಎಷ್ಟು ಇಳಿದು ನಿಲ್ಲುತ್ತದೋ ಅದು ಒದ್ದೆ ಬಲ್ಬ್ ತಾಪಮಾನ. ಬೆವರಿ ಬೆವರಿ ನಿಮ್ಮ ಚರ್ಮ ಹೆಚ್ಚೆಂದರೆ ಅಲ್ಲಿಯವರೆಗೆ ತಣ್ಣಗಾಗಬಹುದು, ಅದಕ್ಕಿಂತ ಕೆಳಗೆ ಇಲ್ಲ.

ಈಗ ಲೆಕ್ಕ ನೋಡಿ. ಕಲಬುರಗಿಯಲ್ಲಿ 42 ಡಿಗ್ರಿ, ಗಾಳಿಯಲ್ಲಿ ತೇವಾಂಶ ಶೇ 15 ಇರುವ ಮಧ್ಯಾಹ್ನ ಒದ್ದೆ ಬಲ್ಬ್ ಸುಮಾರು 22 ಡಿಗ್ರಿಗೆ ಇಳಿಯುತ್ತದೆ. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ 65 ಇದ್ದರೆ ಅದು 28ರ ಮೇಲೆಯೇ ನಿಂತುಬಿಡುತ್ತದೆ. ಒಣ ಅಂಕಿಯಲ್ಲಿ ಎಂಟು ಡಿಗ್ರಿ ತಂಪಾದ ಊರು ಬೆವರಿನ ಲೆಕ್ಕದಲ್ಲಿ ಆರು ಡಿಗ್ರಿ ಬಿಸಿ! ನನ್ನ ಜಂಬ ಮುರಿದದ್ದು ಈ ಆರು ಡಿಗ್ರಿಯಲ್ಲಿ.

ಒದ್ದೆ ಬಲ್ಬ್ 35 ಮುಟ್ಟಿದರೆ ಮನುಷ್ಯ ನೆರಳಲ್ಲಿ ಬೆತ್ತಲೆ ಕೂತು, ಫ್ಯಾನ್ ಹಾಕಿಕೊಂಡು, ಬೇಕಾದಷ್ಟು ನೀರು ಕುಡಿದರೂ ಕೆಲವು ಗಂಟೆಗಿಂತ ಹೆಚ್ಚು ತಡೆಯಲಾರ ಎಂದು 2010ರಲ್ಲಿ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಅದು ಕಾಗದದ ಮೇಲಿನ ಮಿತಿ. ಆಮೇಲೆ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಗಟ್ಟಿಮುಟ್ಟಾದ ಯುವಕ ಯುವತಿಯರನ್ನೇ ಕೋಣೆಯೊಳಗೆ ಕೂರಿಸಿ ನೋಡಿದರು. ತೇವ ಹೆಚ್ಚಿದ್ದ ಗಾಳಿಯಲ್ಲಿ 31ರ ಹತ್ತಿರವೇ ಅವರ ಒಳಮೈ ಬಿಸಿ ಹಿಡಿತ ತಪ್ಪಿ ಏರತೊಡಗಿತು. ಅವರು ಮಾಡುತ್ತಿದ್ದದ್ದು ಮನೆಯೊಳಗಿನ ಹಗುರ ಕೆಲಸದಷ್ಟೇ ಚಟುವಟಿಕೆ. ಮಂಗಳೂರಿನ 28 ಅಂದರೆ ಆ ಗೆರೆಯಿಂದ ಎಷ್ಟು ದೂರ, ನೀವೇ ಎಣಿಸಿ.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರ್‌ನಲ್ಲಿ ತೆರೆದ ಮೈದಾನದಲ್ಲಿ ದೊಡ್ಡ ಪ್ರಶಸ್ತಿ ಸಮಾರಂಭ ನಡೆಯಿತು. ಲಕ್ಷಾಂತರ ಜನ ಬಿಸಿಲಲ್ಲಿ ಗಂಟೆಗಟ್ಟಲೆ ಕೂತಿದ್ದರು. ಅಂದಿನ ತಾಪಮಾನ 38ರ ಆಸುಪಾಸು. ರಾಯಚೂರಿನವರು "ಏನ್ ಮಹಾ" ಎನ್ನುವ ಅಂಕಿ. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಡಲ ಪಕ್ಕದ ಗಾಳಿ, ನೆರಳಿಲ್ಲದ ಮೈದಾನ, ಜನರ ಒತ್ತು, ಎಲ್ಲ ಸೇರಿದಾಗ 38 ಅನ್ನುವುದು 38 ಆಗಿ ಉಳಿಯುವುದಿಲ್ಲ.

ಹವಾಮಾನ ಇಲಾಖೆಗೆ ಇದು ಗೊತ್ತಿಲ್ಲವೆಂದಲ್ಲ. ಶಾಖದ ಅಲೆ ಎಂದು ಘೋಷಿಸಲು ಬಯಲು ಸೀಮೆಗೆ ಕನಿಷ್ಠ 40 ಡಿಗ್ರಿ ಬೇಕು, ಕರಾವಳಿಗೆ 37 ಸಾಕು ಎಂದು ಇಲಾಖೆಯೇ ಬೇರೆ ಬೇರೆ ಗೆರೆ ಎಳೆದಿದೆ. ಎರಡೂ ಕಡೆ ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ಬಯಲಿನಲ್ಲಿ 45 ದಾಟಿದರೆ ವಾಡಿಕೆಯ ಮಾತೇ ಬೇಡ. ಈ ಗೆರೆಗಳ ಪ್ರಕಾರ 2024ರ ಏಪ್ರಿಲ್ 28ರಂದು ಬೆಂಗಳೂರು 38.5 ಡಿಗ್ರಿಯಲ್ಲಿ ಬೆಂದದ್ದು ಕಡತದಲ್ಲಿ ಶಾಖದ ಅಲೆಯಲ್ಲ. 2016ರ ಏಪ್ರಿಲ್ 25ರ 39.2 ಕೂಡ ಅಲ್ಲ, ಅದು ಆ ಊರಿನ ದಾಖಲೆಯಾಗಿದ್ದರೂ. ಹಾಗಾಗಿ ಎಚ್ಚರಿಕೆ ಬಂದಿಲ್ಲ ಎಂದರೆ ಅಪಾಯವಿಲ್ಲ ಎಂದು ತಿಳಿಯಬೇಡಿ. ಇನ್ನೊಂದು ಮಾತು. ಇಲಾಖೆಯ ಥರ್ಮಾಮೀಟರ್ ಇರುವುದು ಬಿಳಿ ಬಣ್ಣದ, ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆರಳಲ್ಲಿ. ನೀವು ನಿಂತಿರುವುದು ಬಿಸಿಲಲ್ಲಿ, ಡಾಂಬರಿನ ಮೇಲೆ. ನೇರ ಬಿಸಿಲು ಬಿದ್ದರೆ ಮೈಗೆ ತಾಗುವ ಬಿಸಿ ಎಂಟು ಡಿಗ್ರಿಯವರೆಗೆ ಹೆಚ್ಚಬಹುದು. ಒಂದು ಬೇವಿನ ಮರದ ಬೆಲೆ ಎಷ್ಟು ಎಂದು ಕೇಳಿದರೆ ನಾನು ಎಂಟು ಡಿಗ್ರಿ ಎನ್ನುತ್ತೇನೆ.

ಕಾಣದ ಬೆವರು

ಹಾಗಾದರೆ ನಮ್ಮ ಕಡೆಯ ಒಣ ಬಿಸಿಲು ಸೌಮ್ಯವೇ? ಖಂಡಿತ ಅಲ್ಲ. ಅದರ ಮೋಸ ಬೇರೆ. ಕಲಬುರಗಿಯಲ್ಲಿ ಬೆವರು ಹುಟ್ಟಿದ ತಕ್ಷಣ ಆರಿಬಿಡುತ್ತದೆ, ಅಂಗಿ ಒದ್ದೆಯಾಗುವುದೇ ಇಲ್ಲ. ಬೆವರೇ ಬಂದಿಲ್ಲವಲ್ಲ ಎಂದುಕೊಂಡವರು ನೀರು ಕುಡಿಯುವುದನ್ನು ಮರೆಯುತ್ತಾರೆ. ಸಂಜೆ ಅಂಗಿಯ ಬೆನ್ನ ಮೇಲೆ ಬಿಳಿ ಉಪ್ಪಿನ ನಕಾಶೆ ಮೂಡಿದಾಗಲೇ ಹಗಲೆಲ್ಲ ಎಷ್ಟು ಹೋಯಿತು ಎಂದು ತಿಳಿಯುವುದು. ಬಿಸಿಲಲ್ಲಿ ದುಡಿಯುವವರು ಗಂಟೆಗೆ ಒಂದು ಲೀಟರಿಗೂ ಹೆಚ್ಚು ಕಳೆದುಕೊಳ್ಳುವುದುಂಟು. ರಕ್ತದಲ್ಲಿ ನೀರು ಕಡಿಮೆಯಾದಂತೆ ದೇಹ ಬೆವರಿಗೂ ಕತ್ತರಿ ಹಾಕುತ್ತದೆ. ಸೆಕೆಯ ಊರಲ್ಲಿ ಬೆವರು ಇದ್ದೂ ಕೆಲಸಕ್ಕೆ ಬಾರದು, ಬಿಸಿಲಿನ ಊರಲ್ಲಿ ಬೆವರೇ ಬತ್ತಿಹೋಗುತ್ತದೆ. ಕೊನೆಗೆ ಎರಡೂ ತಲುಪುವುದು ಒಂದೇ ಜಾಗಕ್ಕೆ.

ಬಾಯಾರಿಕೆಯನ್ನು ನಂಬಿ ಕೂರಬಾರದು, ಅದು ತಡವಾಗಿ ಬರುವ ನೆಂಟ. ಬಿಸಿಲಲ್ಲಿ ಕೆಲಸವಿದ್ದರೆ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು. ಒಂದೇ ಸಲಕ್ಕೆ ತಂಬಿಗೆಗಟ್ಟಲೆ ಬೇಡ. ಗಂಟೆಗೆ ಒಂದೂವರೆ ಲೀಟರ್ ಮೀರಿ ಬರೀ ನೀರು ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅದೇ ಒಂದು ಅಪಾಯವಾಗುತ್ತದೆ. ಸಾಕಾಯಿತೋ ಇಲ್ಲವೋ ತಿಳಿಯಲು ಮೂತ್ರದ ಬಣ್ಣ ನೋಡಿದರೆ ಆಯಿತು. ತಿಳಿ ಹಳದಿಯಿದ್ದರೆ ಸರಿ, ಚಹಾದ ಡಿಕಾಕ್ಷನ್ನಿನಂತಿದ್ದರೆ ಮೈ ಒಣಗಿದೆ. ಇಲ್ಲಿ ಯಾರೂ ಹೇಳದ ಒಂದು ಸಂಗತಿಯಿದೆ. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸರು, ಕಟ್ಟಡ ಕೆಲಸದವರು, ಟ್ರಾಫಿಕ್ ಡ್ಯೂಟಿಯ ಮಹಿಳಾ ಪೊಲೀಸರು ಹಗಲೆಲ್ಲ ನೀರು ಕುಡಿಯದಿರುವುದು ಮರೆವಿನಿಂದಲ್ಲ, ಹತ್ತಿರದಲ್ಲಿ ಶೌಚಾಲಯ ಇಲ್ಲದ್ದರಿಂದ. ಅವರಿಗೆ "ನೀರು ಹೆಚ್ಚು ಕುಡಿಯಿರಿ" ಎಂಬ ಬ್ಯಾನರ್ ಕಟ್ಟುವುದರಿಂದ ಏನೂ ಆಗುವುದಿಲ್ಲ.

ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ತೆಳು ಮಜ್ಜಿಗೆ, ಜೋಳದ್ದೋ ರಾಗಿಯದ್ದೋ ಅಂಬಲಿ, ನಿಂಬೆ ಶರಬತ್ತಿಗೆ ಒಂದು ಚಿಟಿಕೆ ಉಪ್ಪು, ಇವು ನಿಜಕ್ಕೂ ಕೆಲಸ ಮಾಡುತ್ತವೆ. ಕರಾವಳಿಯ ಪುನರ್ಪುಳಿ ಶರಬತ್ತಿಗೂ ಅದೇ ಮಾತು, ಉಪ್ಪು ಮರೆಯಬಾರದಷ್ಟೆ. ರಾಮನವಮಿಗೆ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವ ಪದ್ಧತಿ ಬಂದದ್ದು ಚೈತ್ರದ ಬಿಸಿಲಿಗೇ. ಊರಿಗೆ ಊರೇ ಅರವಟ್ಟಿಗೆ ಕಟ್ಟಿ ದಾರಿಹೋಕರಿಗೆ ನೀರು ಕೊಡುತ್ತಿದ್ದದ್ದೂ ಅದಕ್ಕೇ. ತೀರಾ ಸುಸ್ತಾದವರಿಗೆ ಓಆರ್‌ಎಸ್ ಒಳ್ಳೆಯದು. ಒಂದು ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಕಲಸಬೇಕು, ಲೋಟಕ್ಕೆ ಅಂದಾಜಿನಲ್ಲಿ ಉದುರಿಸುವುದಲ್ಲ. ಪೊಟ್ಟಣ ಇಲ್ಲದಿದ್ದರೆ ಲೀಟರ್ ನೀರಿಗೆ ಸಪಾಟಾಗಿ ತುಂಬಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಟೀ ಚಮಚ. ಅಂಗಡಿಯಲ್ಲಿ ಓಆರ್‌ಎಸ್ ಎಂಬ ಹೆಸರು ಹೊತ್ತು ಬರುತ್ತಿದ್ದ ಸಿಹಿ ಪಾನೀಯದ ಪ್ಯಾಕೆಟ್ಟುಗಳು ಬೇರೆ ಜಾತಿ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಪಾಲಿಸದವರು ಆ ಹೆಸರು ಹಾಕಕೂಡದು ಎಂದಿತು. ಬಿ.ಪಿ., ಕಿಡ್ನಿ, ಹೃದಯದ ತೊಂದರೆ ಇರುವವರು ಉಪ್ಪು, ನೀರು ಎರಡರ ಅಳತೆಯನ್ನೂ ತಮ್ಮ ವೈದ್ಯರಲ್ಲೇ ಕೇಳಿಕೊಳ್ಳಬೇಕು.

ಚಹಾ ಕುಡಿದರೆ ಮೈಯ ನೀರೆಲ್ಲ ಹೋಗುತ್ತದೆ ಎನ್ನುವುದು ಅತಿಯಾಯಿತು, ಒಂದೆರಡು ಕಪ್ಪಿಗೆ ಏನೂ ಆಗದು. ಬಿಯರಿಗೆ ಆ ಮಾಫಿ ಇಲ್ಲ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯದು ಎಂದು ನಮ್ಮಜ್ಜಿ ನಂಬಿದ್ದರು. ಉಳ್ಳಾಗಡ್ಡಿಯಿಂದ ಕೆಡುಕೂ ಇಲ್ಲ, ಒಳಿತೂ ಇಲ್ಲ. ಆದರೆ ಅದರ ಜೊತೆಗೆ ಆಕೆ ಹೇಳುತ್ತಿದ್ದ "ಹನ್ನೆರಡಾದ ಮ್ಯಾಲ ಹೊರಗ ಕಾಲಿಡಬ್ಯಾಡ, ತಲಿಗೆ ವಸ್ತ್ರ ಸುತ್ಕೊ" ಎಂಬುದರಲ್ಲಿ ಒಂದಕ್ಷರ ತೆಗೆದುಹಾಕುವಂಥದ್ದಿಲ್ಲ.

ಫ್ಯಾನು, ಕೂಲರು, ಒದ್ದೆ ಪಂಚೆ

ಬೆವರಿನ ಲೆಕ್ಕ ಹಿಡಿದು ಹೋದರೆ ಯಾವ ಊರಿಗೆ ಯಾವ ಉಪಾಯ ಎಂಬುದು ತಾನಾಗಿ ತಿಳಿಯುತ್ತದೆ. ಮಂಗಳೂರು, ಕಾರವಾರಗಳಲ್ಲಿ ಗಾಳಿ 34, 35ರಲ್ಲಿದ್ದಾಗ ಫ್ಯಾನ್ ದೊಡ್ಡ ಉಪಕಾರಿ. ಮೈಗೆ ಅಂಟಿದ ತೇವದ ಗಾಳಿಯನ್ನು ತಳ್ಳಿ ಬೆವರು ಆರಲು ಎಡೆ ಮಾಡಿಕೊಡುತ್ತದೆ. ಅದೇ ಫ್ಯಾನ್ ರಾಯಚೂರಿನ ತಗಡಿನ ಮನೆಯಲ್ಲಿ, 43 ಡಿಗ್ರಿಯಲ್ಲಿ, ಬೆವರು ಬತ್ತಿದ ಮುದುಕರ ಮೇಲೆ ತಿರುಗುತ್ತಿದ್ದರೆ ಬೇಕರಿಯ ಒಲೆಯ ಗಾಳಿ ಊದಿದಂತೆ. 40 ಡಿಗ್ರಿ ದಾಟಿದ ಮೇಲೆ ಫ್ಯಾನೊಂದನ್ನೇ ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಪರಿಹಾರ ಕಷ್ಟದ್ದಲ್ಲ. ಒದ್ದೆ ಮಾಡಿ ಹಿಂಡಿದ ಪಂಚೆಯನ್ನೋ ಸೀರೆಯ ತುಂಡನ್ನೋ ಮೈಮೇಲೆ ಹಾಕಿಕೊಂಡು ಆಮೇಲೆ ಫ್ಯಾನಿನಡಿ ಕೂರುವುದು. ಬೆವರಿನ ಕೆಲಸವನ್ನು ನಲ್ಲಿಯ ನೀರು ಮಾಡುತ್ತದೆ, ದೇಹದ ನೀರು ಉಳಿಯುತ್ತದೆ.

ಕೂಲರಿನ ಗುಟ್ಟೂ ಇದೇ. ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು ತಂಪು ಮಾಡುತ್ತದೆ. ನಮ್ಮ ಕಡೆ ಮನೆಮನೆಗೂ ಕೂಲರ್ ಇದ್ದು ಕರಾವಳಿಯಲ್ಲಿ ಯಾರೂ ಕೊಳ್ಳದಿರುವುದಕ್ಕೆ ಕಾರಣ ಹುಡುಕಬೇಕಿಲ್ಲ. ಮಂಗಳೂರಿಗೆ ನಾನು ಲಾರಿಯಲ್ಲಿ ಸಾಗಿಸಿದ ಕೂಲರ್ ಅಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಯಿತು. ಒಣ ಊರಲ್ಲೂ ಜನ ಮಾಡುವ ತಪ್ಪೊಂದಿದೆ. ತಂಪು ಹೊರಗೆ ಹೋದೀತೆಂದು ಕಿಟಕಿ, ಬಾಗಿಲು ಮುಚ್ಚಿ ಕೂಲರ್ ಹಾಕುತ್ತಾರೆ. ಅರ್ಧ ಗಂಟೆಯಲ್ಲಿ ಕೋಣೆಯೊಳಗೆ ಒಂದು ಮಂಗಳೂರು ತಯಾರಾಗುತ್ತದೆ. ಕೂಲರಿನ ಬೆನ್ನು ಹೊರಗಿನ ಗಾಳಿಗಿರಬೇಕು, ಎದುರಿನ ಕಿಟಕಿ ಒಂದಿಷ್ಟು ತೆರೆದಿರಬೇಕು.

ಮೈ ಪಳಗಬೇಕು

ದೇಹ ಬಿಸಿಲಿಗೆ ಪಳಗುತ್ತದೆ ಎನ್ನುವುದು ನಿಜ, ಆದರೆ ಒಂದೇ ದಿನದಲ್ಲಲ್ಲ. ಒಂದರಿಂದ ಎರಡು ವಾರ ಬೇಕು. ಆ ಹೊತ್ತಿಗೆ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಕೆಲಸದ ಜಾಗದಲ್ಲಿ ಬಿಸಿಲಿಗೆ ಸಾಯುವವರಲ್ಲಿ ಬಹಳ ಮಂದಿ ಕೆಲಸಕ್ಕೆ ಸೇರಿದ ಮೊದಲ ಕೆಲವೇ ದಿನಗಳಲ್ಲಿ ಸಾಯುತ್ತಾರೆ. ಅದಕ್ಕೇ ಹೊಸಬರಿಗೆ ಮೊದಲ ದಿನ ಮಾಮೂಲಿ ಕೆಲಸದ ಐದನೇ ಒಂದು ಭಾಗವಷ್ಟೇ ಕೊಟ್ಟು, ದಿನಕ್ಕಿಷ್ಟಿಷ್ಟು ಏರಿಸುತ್ತ ಹೋಗಿ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಊರಿಗೆ ಹೋಗಿ ಕೆಲವು ವಾರ ಬಿಟ್ಟು ಬಂದರೆ ಪಳಗಿದ್ದೆಲ್ಲ ಕರಗಿರುತ್ತದೆ, ಮತ್ತೆ ಮೊದಲಿಂದ ಶುರುಮಾಡಬೇಕು.

ಮಂಗಳೂರು, ಉಡುಪಿಯ ಕಟ್ಟಡಗಳಲ್ಲಿ ಬಾಗಲಕೋಟೆ, ಕೊಪ್ಪಳ, ರಾಯಚೂರಿನವರೇ ದುಡಿಯುವುದು. ಜಾತ್ರೆ ಮುಗಿಸಿ ಬಸ್ಸಿಳಿದ ಮರುದಿನವೇ ಸ್ಲ್ಯಾಬ್ ಹಾಕಲು ನಿಲ್ಲುತ್ತಾರೆ. "ಇವರಿಗೇನು, ಬಿಸಿಲೂರಿನವರು" ಎಂದು ಗುತ್ತಿಗೆದಾರ ಅಂದುಕೊಳ್ಳುತ್ತಾನೆ. ಅವರೂ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಒಣ ಬಿಸಿಲಿಗೆ ಪಳಗಿದ್ದು ಸೆಕೆಗೆ ಸ್ವಲ್ಪ ಮಾತ್ರ ಒದಗುತ್ತದೆ, ಏಕೆಂದರೆ ಹೆಚ್ಚು ಬೆವರುವ ಕಲೆ ಬೆವರು ಆರದ ಊರಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಬೇಕಾದದ್ದು ನಿಧಾನ, ನೆರಳು, ಆಗಾಗ ವಿಶ್ರಾಂತಿ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ಹಳೆಯ ರೂಢಿ. ಒಳ್ಳೆಯದೇ. ಆದರೆ ಫ್ಯಾನಿನಡಿ ಕೂರುವ ನನ್ನಂಥವರಿಗೆ ಸಿಗುವ ಈ ರಿಯಾಯಿತಿ ಶಹಾಬಾದ್, ಚಿತ್ತಾಪುರದ ಕಲ್ಲು ಗಣಿಯಲ್ಲಿ ಪರಸಿ, ಅಂದರೆ ನೆಲಹಾಸಿನ ಕಲ್ಲು, ಸೀಳುವವರಿಗೆ ಇಲ್ಲ. ಬಿಳಿಗಲ್ಲಿನ ಮೇಲೆ ಬಿದ್ದ ಬಿಸಿಲು ಕೆಳಗಿನಿಂದಲೂ ಮುಖಕ್ಕೆ ಹೊಡೆಯುವ ಜಾಗ ಅದು. ಬೆಳಗಿನ ಆರರಿಂದ ಹನ್ನೊಂದು, ಸಂಜೆ ನಾಲ್ಕೂವರೆಯ ಮೇಲೆ, ಹೀಗೆ ಹೊತ್ತು ಒಡೆದುಕೊಳ್ಳುವವರೂ ಇದ್ದಾರೆ, ಮೇಸ್ತ್ರಿ ಒಪ್ಪಿದರೆ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಯ ಹೊತ್ತಿಗಾದರೂ ಗಾಳಿ ಕಾದು ತುದಿ ಮುಟ್ಟುವುದು ಎರಡೂವರೆ, ಮೂರಕ್ಕೆ. "ಬಿಸಿಲು ಇಳೀತು" ಎಂದು ಮೂರಕ್ಕೆ ಹೊರಡುವವರು ಸರಿಯಾಗಿ ಕಾವಲಿಯ ಮೇಲೆಯೇ ಕಾಲಿಡುತ್ತಾರೆ.

ರಾತ್ರಿಯ ಸಾಲ

ಹಗಲಿನ ಬಿಸಿಲಿಗೆ ಹೆದರುವ ನಾವು ರಾತ್ರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೇಹ ಹಗಲಲ್ಲಿ ಮಾಡಿದ ಸಾಲ ತೀರಿಸುವುದು ರಾತ್ರಿಯಲ್ಲಿ. ಚರ್ಮಕ್ಕೆ ರಕ್ತ ತಳ್ಳಿ ತಳ್ಳಿ ದಣಿದ ಹೃದಯಕ್ಕೆ ಆಗಲೇ ಬಿಡುವು. ಆರ್‌ಸಿಸಿ ಛಾವಣಿ ಹಗಲೆಲ್ಲ ಬಿಸಿಲು ಕುಡಿದು ನಡುರಾತ್ರಿಯವರೆಗೂ ಒಳಗೆ ಉಗುಳುತ್ತಿದ್ದರೆ ಸಾಲ ಮರುದಿನಕ್ಕೆ ಸೇರುತ್ತದೆ. ಮೂರನೇ ದಿನ, ನಾಲ್ಕನೇ ದಿನ ವಯಸ್ಸಾದವರು ಕುಸಿಯುವುದು ಹೀಗೆ. ಮರಣಪತ್ರದಲ್ಲಿ ಹೃದಯಾಘಾತ ಎಂದಿರುತ್ತದೆ, ಬಿಸಿಲಿನ ಹೆಸರು ಇರುವುದಿಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದ್ 46.8 ಡಿಗ್ರಿಗೆ ಏರಿದಾಗಲೂ ಹಾಗೇ ಆಗಿತ್ತು. ಆಮೇಲೆ ಸಂಶೋಧಕರು ಹಿಂದಿನ ಮತ್ತು ಮುಂದಿನ ವರ್ಷದ ಅದೇ ತಿಂಗಳ ಸಾವುಗಳನ್ನು ಪಕ್ಕದಲ್ಲಿಟ್ಟು ಎಣಿಸಿದಾಗ 1,344 ಸಾವು ಹೆಚ್ಚಿದ್ದವು. ಆ ದುರಂತದಿಂದಲೇ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ನಗರಮಟ್ಟದ ಶಾಖ ಕ್ರಿಯಾ ಯೋಜನೆ ಅಲ್ಲಿ ಹುಟ್ಟಿತು.

ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳ ಗೋಡೆ ಎರಡು ಮೊಳ ದಪ್ಪ ಇರುತ್ತಿದ್ದವು, ಬಿಸಿಲು ಒಳಗೆ ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಆ ಹೊತ್ತಿಗೆ ಜನ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿರುತ್ತಿದ್ದರು. ಈಗ ತಗಡು, ಸಿಮೆಂಟ್ ಶೀಟು, ತೆಳು ಸ್ಲ್ಯಾಬು. ಇರುವ ಮನೆಯಲ್ಲೇ ಆಗುವ ಕೆಲಸ ಒಂದಿದೆ, ಛಾವಣಿಗೆ ದಪ್ಪಗೆ ಸುಣ್ಣ ಬಳಿಯುವುದು. ಬಿಳಿ ಮೈ ಬಿಸಿಲನ್ನು ವಾಪಸು ಕಳಿಸುತ್ತದೆ, ಕೋಣೆ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಪಕ್ಕದ ತೆಲಂಗಾಣ ಇದಕ್ಕೆಂದೇ 2023ರಲ್ಲಿ ತಂಪು ಛಾವಣಿ ನೀತಿಯನ್ನೇ ಮಾಡಿತು. ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ, ಪರದೆ ಮುಚ್ಚಿ, ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆಯೇ ತೆರೆಯುವುದು ಇನ್ನೊಂದು. ಕರಾವಳಿಯಲ್ಲಿ ಇದೇ ಸೂತ್ರ ಹಿಡಿದು ಕಿಟಕಿ ಮುಚ್ಚಿ ಕೂತರೆ ಉಸಿರು ಕಟ್ಟುತ್ತದೆ, ಅಲ್ಲಿ ಗಾಳಿಯಾಡುವುದೇ ಮುಖ್ಯ.

ಮುಪ್ಪಿನಲ್ಲಿ ಬಾಯಾರಿಕೆ ಮಂಕಾಗುತ್ತದೆ, ಬೆವರು ಗ್ರಂಥಿಗಳೂ ಸೋಲುತ್ತವೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಔಷಧ ಇದನ್ನು ಇನ್ನಷ್ಟು ಕೆಡಿಸಬಲ್ಲವು. ಹಾಗೆಂದು ಮಾತ್ರೆಯನ್ನು ತಾವಾಗಿ ಬಿಡಬಾರದು, ಬೇಸಿಗೆ ಶುರುವಾಗುವಾಗಲೇ ವೈದ್ಯರನ್ನು ಕೇಳಿಟ್ಟುಕೊಳ್ಳಬೇಕು. ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷಕ್ಕೆ ಸುಮಾರು ಹತ್ತು ಡಿಗ್ರಿ ಏರುತ್ತದೆ. ಎರಡೇ ನಿಮಿಷದ ಕೆಲಸ ಎಂದು ಮಗುವನ್ನು ಒಳಗೆ ಬಿಟ್ಟು ಇಳಿಯುವವರನ್ನು ಈಗಲೂ ನೋಡುತ್ತೇನೆ.

ಬಿಸಿಲು ಬಡಿದಾಗ

ಕಾಲಿನ ಮೀನಖಂಡ ಸೆಟೆದುಕೊಳ್ಳುವುದು, ತಲೆನೋವು, ಓಕರಿಕೆ, ಸುಸ್ತು, ಇವು ದೇಹ ಬಾಗಿಲು ತಟ್ಟುವ ಸದ್ದು. ಆಗಲೇ ನೆರಳಿಗೆ ಬಂದು, ಮಲಗಿ, ಉಪ್ಪು ಸಕ್ಕರೆಯ ನೀರು ಕುಡಿದರೆ ಬಹುತೇಕ ಅಲ್ಲಿಗೇ ನಿಲ್ಲುತ್ತದೆ. ಹೀಟ್ ಸ್ಟ್ರೋಕ್, ಅಂದರೆ ಒಳಮೈ ಬಿಸಿ ಹಿಡಿತ ತಪ್ಪಿ ಮಿದುಳು ಕೆಡುವ ಸ್ಥಿತಿ, ಅದಲ್ಲ. ಅದನ್ನು ಗುರುತಿಸಲು ಥರ್ಮಾಮೀಟರಿಗಿಂತ ಮಾತು ಮೇಲು. ಹೆಸರು ಕೇಳಿ, ಯಾವ ಊರು ಕೇಳಿ. ಬಿಸಿಲಲ್ಲಿ ಇದ್ದವರು ತಡವರಿಸಿದರೆ, ಅಸಂಬದ್ಧ ಆಡಿದರೆ, ಕಾರಣವಿಲ್ಲದೆ ಸಿಟ್ಟಿಗೆದ್ದರೆ, ತೂರಾಡಿದರೆ, ಫಿಟ್ಸ್ ಬಂದರೆ ಒಳಮೈ 40 ದಾಟಿದೆ ಎಂದೇ ತಿಳಿದು ಮುಂದುವರಿಯಿರಿ. "ಕುಡಿದಿದ್ದಾನೆ" ಎಂದು ಜನ ಬಿಟ್ಟು ಹೋಗುವುದು ಇಂಥವರನ್ನೇ. ಮೈ ಒಣಗಿರಬೇಕು, ಬೆವರು ನಿಂತಿರಬೇಕು ಎಂಬ ಹಳೆಯ ಪಾಠ ಅರ್ಧ ಸತ್ಯ. ದುಡಿಯುತ್ತಲೇ ಕುಸಿದವರಲ್ಲಿ ಬೆವರು ಸುರಿಯುತ್ತಲೇ ಇರಬಹುದು.

108ಕ್ಕೆ ಫೋನ್ ಮಾಡಿ. ಆದರೆ ಆಂಬುಲೆನ್ಸ್ ಬರುವವರೆಗೆ ಕಾಯುವ ಕೆಲಸ ಇದಲ್ಲ. ಮೊದಲು ತಂಪು, ಆಮೇಲೆ ಸಾಗಾಟ. ಮೊದಲ ಅರ್ಧ ಗಂಟೆಯಲ್ಲಿ ಮೈ ಬಿಸಿ ಇಳಿದರೆ ಬಹುತೇಕರು ಬದುಕುತ್ತಾರೆ, ಇಳಿಯದಿದ್ದರೆ ಮಿದುಳು, ಕಿಡ್ನಿ, ಲಿವರ್ ಒಂದೊಂದಾಗಿ ಕೈಬಿಡುತ್ತವೆ. ನೆರಳಿಗೆಳೆದು, ಬಟ್ಟೆ ಸಡಿಲಿಸಿ, ನೀರಿನ ತೊಟ್ಟಿಯಿದ್ದರೆ ತಲೆ ಮೇಲೆತ್ತಿ ಹಿಡಿದು ಕತ್ತಿನವರೆಗೆ ಅದರಲ್ಲಿ ಕೂರಿಸಿ. ಗಟ್ಟಿಮುಟ್ಟಾದ ಕೆಲಸಗಾರರಿಗೆ ಇದಕ್ಕಿಂತ ವೇಗದ ಉಪಾಯ ಇಲ್ಲ. ತೊಟ್ಟಿ ಇಲ್ಲದಿದ್ದರೆ, ಅಥವಾ ವಯಸ್ಸಾದವರಾದರೆ, ಮೈಯೆಲ್ಲ ನೀರು ಹನಿಸುತ್ತ ರಟ್ಟಿನಿಂದಲೋ ಮೊರದಿಂದಲೋ ಜೋರಾಗಿ ಗಾಳಿ ಬೀಸಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕತ್ತು, ಕಂಕುಳು, ತೊಡೆಸಂದಿಗೆ. ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರದಲ್ಲಿ ಮಿದುಳೇ ಬಿಸಿಯ ಗುರಿಯನ್ನು ಏರಿಸಿರುತ್ತದೆ, ಮಾತ್ರೆ ಆ ಗುರಿಯನ್ನು ಇಳಿಸುತ್ತದೆ. ಇಲ್ಲಿ ಗುರಿ ಇದ್ದಲ್ಲೇ ಇದೆ, ಶಾಖ ಹೊರಹೋಗುವ ದಾರಿ ಮುಚ್ಚಿದೆ. ಮಾತ್ರೆಗೆ ಮಾಡಲು ಕೆಲಸವೇ ಇಲ್ಲ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಲೂಬಾರದು, ಅದು ಶ್ವಾಸಕೋಶಕ್ಕೆ ಹೋದೀತು. ಜನ ಮೊದಲು ಮಾಡುವುದು ಮಾತ್ರ ಅದನ್ನೇ.

ಅಂದು ನನಗಾದದ್ದು ಹೀಟ್ ಸ್ಟ್ರೋಕ್ ಅಲ್ಲ, ಹೆಸರು ಕೇಳಿದಾಗ ಹೇಳಿದ್ದೆ. ಆ ಯಾದಗಿರಿಯವನು ಫ್ಯಾನ್ ಹುಡುಕುವ ತಂಟೆಗೆ ಹೋಗದೆ ನನ್ನದೇ ಸಾಮಾನಿನಿಂದ ರೊಟ್ಟಿಯ ಮೊರ ಹಿರಿದು ತಂದು ಇಪ್ಪತ್ತು ನಿಮಿಷ ಗಾಳಿ ಬೀಸಿದ. ತಲೆ ತಿಳಿಯಾಯಿತು. 34 ಡಿಗ್ರಿ ತೋರಿಸಿದ ಮೊಬೈಲ್ ಅಂಗಿ ಜೇಬಿನಲ್ಲೇ ಇತ್ತು. ಅದು ಮಾತ್ರ ಆ ಎರಡು ಕೊಡ ನೀರಿನಿಂದ ಚೇತರಿಸಿಕೊಳ್ಳಲಿಲ್ಲ.